ಮಾನ್‌ಹೈಮ್‌ನಲ್ಲಿ ಶಿಲ್ಲರ್, ಮನಸ್ಸಿನಲ್ಲಿ ಸಂಸ

ನನ್ನ ಪಕ್ಕದ ಸೀಟಿನ ಹುಡುಗಿಗೆ ಹದಿನಾರೋ ಹದಿನೇಳೋ ವರ್ಷ ಇರಬಹುದು. ತೊಡೆಯ ಮೇಲೆ ಅಂಗೈಯಗಲದ ಹಳದಿ ಪುಸ್ತಕ. ಇಲ್ಲಿನ ಶಾಲೆಮಕ್ಕಳು ಓದುವ ರೆಕ್ಲಾಮ್ ಪ್ರಕಾಶನದ ಅಗ್ಗದ ಪ್ರತಿ. ಪುಟದ ಅಂಚಿನ ತುಂಬ ಪೆನ್ಸಿಲ್ ಗೀಚು. ರಂಗದ ಮೇಲೆ ಹದಿನೆಂಟನೇ ಶತಮಾನದ ಜರ್ಮನ್ ನಾಟಕಕಾರ ಶಿಲ್ಲರ್‌ನ 'ದರೋಡೆಕೋರರು' ನಡೆಯುತ್ತಿತ್ತು. ನಟನೊಬ್ಬ ಉದ್ದದ ಮಾತೊಂದನ್ನು ಅರ್ಧಕ್ಕೇ ಬಿಟ್ಟು ಮುಂದೆ ಹೋದ. ಹುಡುಗಿ ತಟ್ಟನೆ ಗೆಳತಿಯ ಕಡೆ ತಿರುಗಿದಳು. ಅಷ್ಟು ಹಳೆಯ ನಾಟಕದಲ್ಲಿ ಒಂದು ಮಾತು ಬಿಟ್ಟುಹೋದದ್ದು ಅವಳಿಗೆ ಗೊತ್ತಾಗಿತ್ತು. ನಿಜ ಹೇಳುತ್ತೇನೆ, ನನಗೆ ಹೊಟ್ಟೆಕಿಚ್ಚಾಯಿತು.

ನಾನಿರುವುದು ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ. ಅಲ್ಲಿಂದ ಮಾನ್‌ಹೈಮ್‌ಗೆ ರೈಲಿನಲ್ಲಿ ಕಾಲು ಗಂಟೆ. 1978ರಿಂದ ಎರಡು ವರ್ಷಕ್ಕೊಮ್ಮೆ ಆ ಊರಿನ ನ್ಯಾಷನಲ್‌ಥಿಯೇಟರ್ ಶಿಲ್ಲರ್ ಹೆಸರಿನಲ್ಲಿ ಉತ್ಸವ ಮಾಡುತ್ತದೆ. ಶಿಲ್ಲರ್ ಹುಟ್ಟಿದ್ದು ಮಾರ್ಬಾಖ್‌ನಲ್ಲಿ. ಆದರೆ ನಾಟಕಕಾರನಾದದ್ದು ಮಾನ್‌ಹೈಮ್‌ನಲ್ಲಿ. 1782ರ ಜನವರಿ 13ರಂದು 'ದರೋಡೆಕೋರರು' ಮೊದಲು ರಂಗಕ್ಕೆ ಬಂತು. ಆಗ ಆತ ಸ್ಟುಟ್‌ಗಾರ್ಟ್‌ನಲ್ಲಿ ಸೇನೆಯ ವೈದ್ಯ. ರಜೆ ಕೇಳದೆ ಕದ್ದು ಬಂದು ತನ್ನದೇ ನಾಟಕ ನೋಡಿ ಹೋದ. ಇನ್ನೊಮ್ಮೆ ಹಾಗೇ ಬಂದಾಗ ಸಿಕ್ಕಿಬಿದ್ದ. ಸ್ಟುಟ್‌ಗಾರ್ಟ್‌ನ ಅರಸ ಡ್ಯೂಕ್ 14 ದಿನ ಕೂಡಿಹಾಕಿಸಿದ. ಆಮೇಲೆ ನಾಟಕ ಬರೆಯುವುದನ್ನೇ ನಿಷೇಧಿಸಿದ. ಅದೇ ಸೆಪ್ಟೆಂಬರ್‌ನಲ್ಲಿ ಶಿಲ್ಲರ್ ಗೆಳೆಯನೊಬ್ಬನ ಜೊತೆ ರಾತ್ರೋರಾತ್ರಿ ಊರು ಬಿಟ್ಟ.

ಆ ಹಳೆ ರಂಗಮಂದಿರ ಬಿ3 ಅನ್ನೋ ಚೌಕದಲ್ಲಿತ್ತು. ಮಾನ್‌ಹೈಮ್‌ನ ನಡು ಊರಲ್ಲಿ ಬೀದಿಗೆ ಹೆಸರಿಲ್ಲ, ಚದುರಂಗದ ಮನೆಗಳ ಹಾಗೆ ಅಕ್ಷರ ಮತ್ತು ಅಂಕಿ. 1943ರ ಬಾಂಬ್ ದಾಳಿಯಲ್ಲಿ ಆ ರಂಗಮಂದಿರ ನಾಶವಾಯಿತು. ಈಗ ಅಲ್ಲಿರುವುದು ಶಿಲ್ಲರ್ ಪ್ರತಿಮೆ. ಉತ್ಸವಕ್ಕೆ ಹೋದಾಗೆಲ್ಲ ಒಂದು ಸುತ್ತು ಅಲ್ಲಿಗೂ ಹೋಗುತ್ತೇನೆ. ಉತ್ಸವದ ಜೀವ ಮಾತ್ರ ನಾಟಕದಲ್ಲೇ ಇದೆ. ಅದನ್ನು ಕತ್ತರಿಸುತ್ತಾರೆ, ತಿರುಗಿಸುತ್ತಾರೆ, ಇವತ್ತಿನ ಬಟ್ಟೆ ತೊಡಿಸುತ್ತಾರೆ. ಅವತ್ತು ಆಟ ಮುಗಿದ ಮೇಲೆ ನಿರ್ದೇಶಕಿ, ನಟರು ಹೊರಗಿನ ಹಜಾರದಲ್ಲಿ ಕೂತರು. ಒಬ್ಬ ಹಿರಿಯರು ಎದ್ದು, ನಾಯಕಿ ಅಮಾಲಿಯಾಳ ಹಾಡು ಯಾಕೆ ಬಿಟ್ಟಿರಿ ಅಂತ ರೇಗಿದರು. ನಿರ್ದೇಶಕಿ ಸಮಾಧಾನದಿಂದಲೇ ತನ್ನ ಕಾರಣ ಹೇಳಿದರು. ಹಿರಿಯರು ಒಪ್ಪಲಿಲ್ಲ. ಅರ್ಧ ಗಂಟೆ ವಾದ ನಡೆಯಿತು, ಯಾರೂ ಎದ್ದು ಹೋಗಲಿಲ್ಲ. ನಾಟಕವನ್ನು ಹೀಗೆ ಬದಲಿಸುವುದು ಮೊದಲ ಪ್ರಯೋಗದಲ್ಲೂ ಆಗಿತ್ತು. ಶಿಲ್ಲರ್ ತನ್ನ ಕಾಲದ ಕಥೆ ಅಂತ ಬರೆದಿದ್ದನ್ನು ರಂಗಮಂದಿರದ ಮುಖ್ಯಸ್ಥ ದಾಲ್‌ಬೆರ್ಗ್ ಮಧ್ಯಯುಗದ ಕೊನೆಗೆ ತಳ್ಳಿದ್ದ.

ರೈಲಿನಲ್ಲಿ ವಾಪಸ್ ಬರುವಾಗ ನಮ್ಮ ಕನ್ನಡದ ನಾಟಕಕಾರ ಸಂಸರು ನೆನಪಾದರು. ಅವರು ಹುಟ್ಟಿದ್ದು 1898ರಲ್ಲಿ, ಯಳಂದೂರಿನ ಹತ್ತಿರ ಅಗರದಲ್ಲಿ. ಮೈಸೂರು ಅರಸರ ಕಥೆಗಳನ್ನೇ ಹಿಡಿದು ಇಪ್ಪತ್ತಕ್ಕೂ ಜಾಸ್ತಿ ನಾಟಕ ಬರೆದರು ಅನ್ನುತ್ತಾರೆ. ಉಳಿದದ್ದು ಆರೇ ಆರು. ಪೊಲೀಸರು ಬೆನ್ನು ಹತ್ತಿದ್ದಾರೆ ಎಂಬ ಭಯ ಅವರನ್ನು ಊರೂರು ಅಲೆಸಿತು. 1939ರಲ್ಲಿ ತಾವೇ ಜೀವ ಕಳೆದುಕೊಂಡರು. ಬೆಂಗಳೂರಿನಲ್ಲಿ ರವೀಂದ್ರ ಕಲಾಕ್ಷೇತ್ರದ ಹಿಂದಿನ ಬಯಲು ರಂಗಮಂದಿರಕ್ಕೆ ಅವರ ಹೆಸರಿದೆ. ಅಲ್ಲಿ ಕಲ್ಲುಮೆಟ್ಟಿಲ ಮೇಲೆ ಕೂತು ನಾನು ಎಷ್ಟೋ ನಾಟಕ ನೋಡಿದ್ದೇನೆ. ಸಂಸರದು ಒಂದೂ ಇಲ್ಲ.

ಅವರ 'ವಿಗಡ ವಿಕ್ರಮರಾಯ' ನೋಡಲು ಸಿಕ್ಕಿದ್ದು ಒಂದೇ ಸಲ, ಬೇರೆ ಊರಿನ ಒಂದು ಸ್ಮರಣೆ ಕಾರ್ಯಕ್ರಮದಲ್ಲಿ. ಮುಖ್ಯ ಅತಿಥಿ ಬಂದದ್ದು ಒಂದು ಗಂಟೆ ತಡ. ಆಮೇಲೆ ದೀಪ, ಸ್ವಾಗತ, ಹಾರ, ಶಾಲು, ಆರು ಭಾಷಣ. ಬಣ್ಣ ಹಚ್ಚಿಕೊಂಡ ಹುಡುಗರು ಪರದೆಯ ಹಿಂದೆ ಬೆವರುತ್ತಾ ನಿಂತಿದ್ದರು. ನಾಟಕ ಶುರುವಾಗಿ ಮುಕ್ಕಾಲು ಗಂಟೆಗೆ ಹಾಲ್ ಖಾಲಿ ಮಾಡಿ ಅಂದರು. ಅರಸನಿಗೆ ವಿಷ ಹಾಕಿಸಿದ ದಳವಾಯಿ ವಿಕ್ರಮರಾಯನಿಗೆ ಕೊನೆಗೆ ಏನಾಯಿತು ಅಂತ ನಾನು ಪುಸ್ತಕದಲ್ಲೇ ಓದಬೇಕಾಯಿತು. ಆ ಹುಡುಗರ ಮುಖ ಇವತ್ತಿಗೂ ಕಣ್ಣಮುಂದಿದೆ.

ನಮ್ಮಲ್ಲಿ ನಾಟಕ ನೋಡುವವರಿಲ್ಲ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಮೈಸೂರಿನ ರಂಗಾಯಣದಲ್ಲಿ ರಾತ್ರಿಯಿಡೀ ನಡೆದಾಗ ಜನ ಬೆಳಗಿನವರೆಗೂ ಕೂತು ನೋಡಿದರು. ಯಕ್ಷಗಾನ ನೋಡಿ ಬೆಳೆದ ನಾಡಿಗೆ ಇದೇನು ಹೊಸದಲ್ಲ. ಹೆಗ್ಗೋಡಿನ ನೀನಾಸಂನಲ್ಲಿ ನಾಟಕದ ಮಾರನೇ ದಿನ ಕೂತು ಚರ್ಚೆ ಮಾಡುವ ರೂಢಿಯೂ ಇದೆ. ಜನ ಇದ್ದಾರೆ, ನಟರಿದ್ದಾರೆ. ದುಡ್ಡಿನ ಕಷ್ಟ ನಿಜ. ಮಾನ್‌ಹೈಮ್‌ನಲ್ಲಿ ನಗರಸಭೆಯೇ ರಂಗಮಂದಿರ ಸಾಕುತ್ತದೆ, ನಟರಿಗೆ ಸಂಬಳ ಕೊಡುತ್ತದೆ. ಆದರೆ ಹಾರ, ಶಾಲಿಗೂ ದುಡ್ಡು ಬೇಕು ಅಲ್ವಾ?

ಸಂಸರ ಭಾಷೆ ಕಷ್ಟ, ಹುಡುಗರಿಗೆ ನಾಲಿಗೆ ಹೊರಳುವುದಿಲ್ಲ ಅನ್ನುತ್ತಾರೆ. ಶಿಲ್ಲರ್‌ನ ಜರ್ಮನ್ ಕೂಡ ಇಲ್ಲಿನ ಮಕ್ಕಳಿಗೆ ಸಲೀಸಲ್ಲ. ಅದಕ್ಕೇ ಆ ಪೆನ್ಸಿಲ್ ಗೀಚು. ಆ ಬಯಲು ರಂಗಮಂದಿರದಲ್ಲಿ ಎರಡು ವರ್ಷಕ್ಕೊಂದು ವಾರ ಆ ಆರು ನಾಟಕಗಳನ್ನೇ ಆಡಲಿ. ಒಂದನ್ನು ಕಾಲೇಜು ಹುಡುಗರು ಇವತ್ತಿನ ಕನ್ನಡಕ್ಕೆ ತಿರುಗಿಸಲಿ, ಇನ್ನೊಂದನ್ನು ಒಂದಕ್ಷರ ಬಿಡದೆ ಆಡಲಿ. ಯಾರಾದರೂ ಎದ್ದು ರೇಗಲಿ.

ಇಲ್ಲಿ ನಾವು ಐದು ಜನ ಕನ್ನಡದವರು ಕಳೆದ ಭಾನುವಾರ ನಮ್ಮನೆಯಲ್ಲಿ ಕೂತು 'ವಿಗಡ ವಿಕ್ರಮರಾಯ'ವನ್ನು ಗಟ್ಟಿಯಾಗಿ ಓದಿದೆವು. ಮೊದಲ ಅಂಕಕ್ಕೇ ಎರಡು ಗಂಟೆ ಹಿಡಿಯಿತು, ನಡುವೆ ಹತ್ತಾರು ಸಲ ನಿಘಂಟು ತೆಗೆದೆವು. ಬರುವ ಭಾನುವಾರ ಎರಡನೇ ಅಂಕ.