ಹಾವಿನ ಡಬ್ಬಿಗೆ ಬೀಗ ಇತ್ತು, ಹಲ್ಲಿಯ ಡಬ್ಬಿಗೆ ಇರಲಿಲ್ಲ

"ಮನೇಲಿ ಹಲ್ಲಿ, ಹಾವು, ಆಮೆ ಏನಾದ್ರೂ ಸಾಕಿದ್ದೀರಾ?"

ಮೂರು ವರ್ಷದ ಹಿಂದೆ ಡಾಕ್ಟರ್ ಈ ಪ್ರಶ್ನೆ ಕೇಳಿದಾಗ ನನಗೆ ಅರ್ಥವೇ ಆಗಲಿಲ್ಲ. ಮಗಳಿಗೆ ಆಗ ಹತ್ತು ತಿಂಗಳು. ಎರಡು ದಿನದಿಂದ ಜ್ವರ ಇಳಿದಿರಲಿಲ್ಲ, ಭೇದಿಯಲ್ಲಿ ರಕ್ತ ಕಂಡಿತ್ತು. ಏನು ತಿನ್ನಿಸಿದೆ, ಯಾವ ಹಣ್ಣು ಕೊಟ್ಟೆ ಅಂತ ನಾನು ಮನಸ್ಸಿನಲ್ಲೇ ಹಿಂದೆ ಮುಂದೆ ಹುಡುಕುತ್ತಿದ್ದೆ. ಹಲ್ಲಿಯ ನೆನಪೇ ಬಂದಿರಲಿಲ್ಲ.

ಸಾಕಿದ್ದೆವು. ಲೆಪರ್ಡ್ ಗೆಕೋ. ಮೈ ತುಂಬ ಚಿರತೆಯ ಹಾಗೆ ಚುಕ್ಕೆ ಇರುವ, ದಪ್ಪ ಬಾಲದ ಹಲ್ಲಿ. ನಾವಿರುವುದು ಟೆಕ್ಸಾಸಿನಲ್ಲಿ. ಡಲ್ಲಾಸ್ ಕಡೆ ನಡೆದ ಒಂದು ರೆಪ್ಟೈಲ್ ಎಕ್ಸ್‌ಪೋಗೆ, ಅಂದರೆ ಹಾವು ಹಲ್ಲಿ ಆಮೆಗಳ ಮೇಳಕ್ಕೆ ಹೋದಾಗ, ಆರು ವರ್ಷದ ಮಗ ಹಟ ಮಾಡಿದ ಅಂತ ತಂದಿದ್ದೆವು. ಮಗಳು ಅದನ್ನು ಒಂದು ಸಲವೂ ಮುಟ್ಟಿರಲಿಲ್ಲ. ಗಾಜಿನ ಪೆಟ್ಟಿಗೆ ಇದ್ದದ್ದು ಮಗನ ರೂಮಿನಲ್ಲಿ, ಬಾಗಿಲು ಸದಾ ಹಾಕಿಯೇ ಇರುತ್ತಿತ್ತು. ಆದರೆ ಅದರ ನೀರಿನ ಬಟ್ಟಲನ್ನು ನಾನು ದಿನಾ ತೊಳೆಯುತ್ತಿದ್ದದ್ದು ಅಡುಗೆಮನೆಯ ಸಿಂಕಿನಲ್ಲಿ. ಮಗಳ ಹಾಲಿನ ಬಾಟಲಿ ತೊಳೆಯುತ್ತಿದ್ದದ್ದೂ ಅಲ್ಲೇ.

ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾದ ಸೋಂಕು ಅಂತ ರಿಪೋರ್ಟ್ ಬಂತು. ಐದು ದಿನ ಆಸ್ಪತ್ರೆ. ಅಷ್ಟು ಚಿಕ್ಕ ಕೈಗೆ ಡ್ರಿಪ್ ಹಾಕೋಕೆ ನರ ಸಿಗದೆ ನರ್ಸ್ ಮೂರು ಸಲ ಚುಚ್ಚಿದ್ದು ಇವತ್ತಿಗೂ ಕಣ್ಣ ಮುಂದೆ ಇದೆ. ಇಲ್ಲಿ ಸಾಲ್ಮೊನೆಲ್ಲಾ ಕೇಸ್ ಬಂದರೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ಅವರು ಮನೆಗೆ ಫೋನ್ ಮಾಡಿ ತಿಂದದ್ದು, ಓಡಾಡಿದ್ದು, ಸಾಕಿದ್ದು ಎಲ್ಲ ಕೇಳಿದರು. ಆ ಮಾತಿನಲ್ಲೇ ನನಗೆ ಗೊತ್ತಾಗಿದ್ದು, ಐದು ವರ್ಷಕ್ಕಿಂತ ಚಿಕ್ಕ ಮಕ್ಕಳಿರುವ ಮನೆಯಲ್ಲಿ ಇಂಥ ಪ್ರಾಣಿಗಳನ್ನು ಸಾಕಲೇಬಾರದು ಅಂತ ಇಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಎಷ್ಟೋ ವರ್ಷದಿಂದ ಹೇಳುತ್ತಾ ಬಂದಿದೆ ಅಂತ. ಮಾರಿದವರು ಇದನ್ನು ಹೇಳಿರಲಿಲ್ಲ. ಮಗು ನನ್ನ ಎದೆಗೆ ಕಟ್ಟಿಕೊಂಡ ಚೀಲದಲ್ಲೇ ಇತ್ತು, ಅವರು ನೋಡಿದ್ದರು.

ಮಗಳು ಹುಷಾರಾದಳು. ಗೆಕೋ ಈಗ ನಮ್ಮನೆಯವರ ಸ್ನೇಹಿತರೊಬ್ಬರ ಹತ್ತಿರ ಇದೆ. ಅವರ ಮನೆಯಲ್ಲಿ ಮಕ್ಕಳಿಲ್ಲ. ಚೆನ್ನಾಗಿ ನೋಡಿಕೊಂಡರೆ 15-20 ವರ್ಷ ಬದುಕುವ ಜೀವ ಅದು.

ಇಷ್ಟು ಆದಮೇಲೂ ಹೋದ ತಿಂಗಳು ನಾವು ಮತ್ತೆ ಎಕ್ಸ್‌ಪೋಗೆ ಹೋದೆವು. ಮಗನಿಗೆ ಈಗ ಒಂಬತ್ತು. ಅವನಿಗೆ ಈ ಪ್ರಾಣಿಗಳ ಮೇಲೆ ಇರುವ ಪ್ರೀತಿ ಸುಮ್ನೆ ಒಂದು ಹುಚ್ಚಲ್ಲ, ಮೂರು ವರ್ಷವಾದರೂ ಕಡಿಮೆ ಆಗಿಲ್ಲ. ಆ ಪ್ರೀತಿಯನ್ನು ಭಯದಿಂದ ಮುಚ್ಚಿಹಾಕೋದು ನನಗೆ ಸರಿ ಅನಿಸಲಿಲ್ಲ. ಮಗಳನ್ನು ಅಪ್ಪನ ಜೊತೆ ಮನೆಯಲ್ಲಿ ಬಿಟ್ಟು, ಮಗನನ್ನೂ ತೀರ್ಥಹಳ್ಳಿಯಿಂದ ಬಂದಿದ್ದ ಅಮ್ಮನನ್ನೂ ಕರೆದುಕೊಂಡು ಹೋದೆ. ಏನೂ ಕೊಳ್ಳಲ್ಲ, ಏನೂ ಮುಟ್ಟಲ್ಲ ಅಂತ ಮೊದಲೇ ಮಾತಾಗಿತ್ತು.

"ಹಾವು ನೋಡೋಕೆ ದುಡ್ಡು ಕೊಟ್ಟು ಬರ್ತಾರೇನೇ?" ಅಂದರು ಅಮ್ಮ, ಟಿಕೆಟ್ ಕೈಗೆ ಬಂದಾಗ. ಅವರ ಮಾತೂ ಸರಿಯೇ. ಕೊಟ್ಟಿಗೆಯಲ್ಲಿ ಕೇರೆ ಹಾವು, ಅಡಿಕೆ ತೋಟದಲ್ಲಿ ಕೊಳಕುಮಂಡಲ, ಕಾಲುದಾರಿಯಲ್ಲಿ ಕಾಳಿಂಗ ಕಂಡು ದೂರ ನಿಂತು ದಾರಿ ಬಿಟ್ಟು ಬೆಳೆದವರು ಅವರು.

ನೋಡದವರಿಗೆ ಹೇಳಬೇಕು. ಎಕ್ಸ್‌ಪೋ ಅಂದರೆ ಝೂ ಥರ ಅಲ್ಲ. ದೊಡ್ಡ ಹಾಲ್, ಸಾಲು ಸಾಲು ಟೇಬಲ್, ನಮ್ಮ ಸಂತೆಯ ಹಾಗೆ. ಟೇಬಲ್ ಮೇಲೆ ನೂರಾರು ಪ್ಲಾಸ್ಟಿಕ್ ಡಬ್ಬಿ. ಹೋಟೆಲಿನಲ್ಲಿ ಸಾರು ಕಟ್ಟಿಕೊಡುತ್ತಾರಲ್ಲ, ಅಂಥವು. ಮುಚ್ಚಳದಲ್ಲಿ ನಾಲ್ಕು ತೂತು, ಒಳಗೆ ಒದ್ದೆ ಟಿಶ್ಯೂ, ಅದರ ಮೇಲೆ ಸುರುಳಿ ಸುತ್ತಿ ಮಲಗಿದ ಬಾಲ್ ಪೈಥಾನ್ ಮರಿ, ಆಫ್ರಿಕಾದ ಸಣ್ಣ ಜಾತಿಯ ಹೆಬ್ಬಾವು. ಮುಚ್ಚಳದ ಮೇಲೆ 1.0 ಅಂತ ಬರೆದಿದ್ದರೆ ಗಂಡು, 0.1 ಅಂದರೆ ಹೆಣ್ಣು. ಪಕ್ಕದಲ್ಲಿ ಬೆಲೆ. ಒಂದು ಮೂಲೆಯಲ್ಲಿ ಮಿಡತೆ, ಜಿರಲೆ, ಐಸ್ ಮಾಡಿದ ಇಲಿ, ಎಲ್ಲ ಆಹಾರಕ್ಕೆ.

ಎಲ್ಲಕ್ಕಿಂತ ಜಾಸ್ತಿ ಜನ ಸೇರಿದ್ದು ರ್‍ಯಾಟಲ್‌ಸ್ನೇಕ್ ಇದ್ದ ಕಡೆ. ಮಾರಾಟಕ್ಕಲ್ಲ, ಪ್ರದರ್ಶನಕ್ಕೆ. ಬಾಲದಲ್ಲಿ ಗಿಲಕಿ ಇರುವ ಹಾವು, ಟೆಕ್ಸಾಸಿನದೇ. ದಪ್ಪ ಅಕ್ರಿಲಿಕ್ ಪೆಟ್ಟಿಗೆ, ಮೇಲೆ ಬೀಗ. ಟೇಬಲಿನಿಂದ ಮೂರಡಿ ದೂರಕ್ಕೆ ಹಗ್ಗ. ಹಿಂದೆ ಇಬ್ಬರು ನಿಂತಿದ್ದರು, ಒಬ್ಬರು ಮಾತಾಡುವಾಗ ಇನ್ನೊಬ್ಬರ ಕಣ್ಣು ಪೆಟ್ಟಿಗೆಯ ಮೇಲೇ. ಒಬ್ಬ ಹುಡುಗ ಹಗ್ಗದ ಮೇಲೆ ಬಾಗಿ ಫೋಟೋ ತೆಗೆಯೋಕೆ ಹೋದಾಗ ತಕ್ಷಣ ತಡೆದರು. ನನಗೆ ಆ ಜಾಗದಲ್ಲಿ ಸ್ವಲ್ಪವೂ ಭಯ ಆಗಲಿಲ್ಲ. ಕೆಲಸ ಗೊತ್ತಿರುವವರ ಶಿಸ್ತು ಅದು.

ಅಲ್ಲಿಂದ ನಾಲ್ಕು ಟೇಬಲ್ ಆಚೆ ಬಿಯರ್ಡೆಡ್ ಡ್ರ್ಯಾಗನ್. ನಮ್ಮ ಓತಿಕ್ಯಾತದ ದೊಡ್ಡಣ್ಣ ಅನ್ನಬಹುದು, ಆಸ್ಟ್ರೇಲಿಯಾದ್ದು. ಇಲ್ಲಿ ಹಗ್ಗ ಇಲ್ಲ, ಬೀಗ ಇಲ್ಲ, ಮುಚ್ಚಳವೂ ಇಲ್ಲ. ತೆರೆದ ಟ್ರೇಯಲ್ಲಿ ಹತ್ತು ಹನ್ನೆರಡು ಮರಿ. ಯಾರು ಬೇಕಾದರೂ ಕೈ ಹಾಕಬಹುದು. ಸುಮಾರು ಎರಡು ವರ್ಷದ ಮಗುವಿನ ಭುಜದ ಮೇಲೆ ಒಂದನ್ನು ಕೂರಿಸಿ ಅದರ ಅಮ್ಮ ವಿಡಿಯೋ ಮಾಡುತ್ತಿದ್ದಳು. ಮಗು ನಗುತ್ತಾ ಅದರ ಬೆನ್ನು ಸವರಿತು. ಆಮೇಲೆ ಆ ನಾಲ್ಕೂ ಬೆರಳು ನೇರ ಬಾಯಿಗೆ.

ನಾನು ಹೋಗಿ ಹೇಳಿದೆ. ಹೇಳದೆ ಇರೋಕೆ ಆಗಲಿಲ್ಲ. ಅವಳು ಬೇಜಾರು ಮಾಡಿಕೊಳ್ಳಲಿಲ್ಲ, ಪಾಪ, ನಿಜಕ್ಕೂ ಗೊತ್ತಿರಲಿಲ್ಲ ಅವಳಿಗೆ. ಬ್ಯಾಗಿನಿಂದ ಸ್ಯಾನಿಟೈಸರ್ ತೆಗೆದಳು. ಸೋಪು ನೀರಿನಲ್ಲೇ ತೊಳೆಸಿ ಅಂದೆ. ಎಲ್ಲಿ? ರೆಸ್ಟ್‌ರೂಮ್ ಹಾಲಿನ ಆ ಕೊನೆಯಲ್ಲಿ, ಮುಂದೆ ಉದ್ದದ ಕ್ಯೂ. ಅದಕ್ಕಿಂತ ಮೊದಲು ಸಿಗೋದು ಪಾಪ್‌ಕಾರ್ನ್ ಅಂಗಡಿ.

ನನ್ನ ಸಿಟ್ಟೆಲ್ಲ ಇಲ್ಲೇ. ವಿಷದ ಹಾವಿಗೆ ಎಷ್ಟು ಎಚ್ಚರಿಕೆ ಬೇಕೋ ಅಷ್ಟೂ ಇತ್ತು, ಯಾಕೆಂದರೆ ಎಲ್ಲರಿಗೂ ಅದರ ಭಯ ಇದೆ. ಭಯ ಹುಟ್ಟಿಸದ ಮುದ್ದು ಮರಿಗಳ ಹತ್ತಿರ ಏನೂ ಇರಲಿಲ್ಲ. ಆರೋಗ್ಯವಾಗಿ, ಚಟುವಟಿಕೆಯಿಂದ ಇರುವ ಹಲ್ಲಿ, ಹಾವು, ಆಮೆಗಳ ಹೊಟ್ಟೆಯಲ್ಲೂ ಸಾಲ್ಮೊನೆಲ್ಲಾ ಇರಬಹುದು. ಅವುಗಳಿಗೆ ಅದರಿಂದ ತೊಂದರೆ ಇಲ್ಲ. ಹಿಕ್ಕೆಯ ಜೊತೆ ಹೊರಗೆ ಬಂದು ಮೈಗೆ, ಡಬ್ಬಿಗೆ, ನೀರಿಗೆ, ಟೇಬಲಿಗೆ ಅಂಟುತ್ತದೆ. ನೋಡಿದರೆ ಗೊತ್ತಾಗೋದಿಲ್ಲ. ತಿನ್ನಿಸಲು ತರುವ ಐಸ್ ಇಲಿಯಲ್ಲೂ ಇರಬಹುದು, ಐಸ್ ಮಾಡಿದರೆ ಅದು ಸಾಯೋದಿಲ್ಲ.

ಇದು ಹೊಸ ವಿಷಯವೂ ಅಲ್ಲ. ಚಿಪ್ಪು ನಾಲ್ಕು ಇಂಚಿಗಿಂತ ಚಿಕ್ಕದಿರುವ ಆಮೆಮರಿಗಳನ್ನು ಸಾಕೋಕೆ ಮಾರಬಾರದು ಅಂತ ಅಮೆರಿಕ 1975ರಲ್ಲೇ ಕಾನೂನು ಮಾಡಿತು. ಮಕ್ಕಳು ಅವನ್ನು ಹಿಡಿಯುತ್ತಿದ್ದರು, ಬಾಯಿಗೆ ಇಟ್ಟುಕೊಳ್ಳುತ್ತಿದ್ದರು, ಕಾಯಿಲೆ ಬೀಳುತ್ತಿದ್ದರು. ಆಮೆಗೆ ಅಷ್ಟು ಯೋಚನೆ ಮಾಡಿದವರು ತೆರೆದ ಟ್ರೇಯ ಓತಿಕ್ಯಾತಕ್ಕೆ ಯಾಕೆ ಮಾಡಬಾರದು?

ಟೇಬಲ್‌ಗಳ ಮೇಲೆ ಸ್ಯಾನಿಟೈಸರ್ ಬಾಟಲಿ ಇತ್ತು, ಅದು ನಿಜ. ಕೆಲವರು ಮುಟ್ಟುವ ಮುಂಚೆ ಹಾಕಿಕೊಳ್ಳಿ ಅಂತ ಹೇಳುತ್ತಲೂ ಇದ್ದರು. ಅದು ಹೆಚ್ಚಾಗಿ ಪ್ರಾಣಿಗಳ ಸಲುವಾಗಿ. ಒಂದು ಟೇಬಲಿನ ಹಾವಿನ ಮೈಮೇಲಿನ ಉಣ್ಣಿ, ಸೋಂಕು ನಮ್ಮ ಕೈ ಮೂಲಕ ಇನ್ನೊಂದು ಟೇಬಲಿಗೆ ಹೋಗದಿರಲಿ ಅಂತ. ಒಳ್ಳೆಯದೇ. ಆದರೆ ಗೆಕೋಗಳನ್ನು ಸೊರಗಿಸಿ ಕೊಲ್ಲುವ ಕ್ರಿಪ್ಟೋ ಅನ್ನುವ ಪರಾವಲಂಬಿ ಸ್ಯಾನಿಟೈಸರ್‌ಗೆ ಜಗ್ಗೋದಿಲ್ಲ. ಮುಟ್ಟದೆ ಇರೋದೇ ಆ ಪ್ರಾಣಿಗೂ ಒಳ್ಳೆಯದು, ನಮಗೂ ಒಳ್ಳೆಯದು.

ಪ್ರಾಣಿಯ ವಿಷಯಕ್ಕೆ ಬರುತ್ತೇನೆ. ಆ ಟ್ರೇಯಲ್ಲಿ ಒಂದು ಮರಿ ಮೂಲೆಗೆ ಒತ್ತಿಕೊಂಡು ಮುಂಗಾಲೊಂದನ್ನು ನಿಧಾನಕ್ಕೆ ಎತ್ತಿ, ಗಾಳಿಯಲ್ಲಿ ಸುತ್ತಿಸಿ ಕೆಳಗಿಟ್ಟಿತು. ಮತ್ತೆ ಎತ್ತಿತು. ಸುತ್ತಲಿದ್ದವರು "ಹಾಯ್ ಹೇಳ್ತಿದೆ!" ಅಂತ ತಿರುಗಿ ಕೈ ಬೀಸಿದರು. ನನ್ನ ಮಗ ನನ್ನ ಕೈ ಹಿಡಿದು ಎಳೆದ. "ಅಮ್ಮಾ, ಅದು ಹಾಯ್ ಅಲ್ಲ. ನಾನು ಚಿಕ್ಕೋನು, ನನಗೇನೂ ಮಾಡಬೇಡ ಅಂತ." ಅವನು ಓದಿಕೊಂಡಿದ್ದು ಸರಿ. ತನಗಿಂತ ದೊಡ್ಡದರ ಮುಂದೆ ಸೋಲು ಒಪ್ಪಿಕೊಳ್ಳುವ ಸನ್ನೆ ಅದು. ಸುತ್ತ ಇಪ್ಪತ್ತು ಮುಖ, ಮೇಲಿಂದ ಇಳಿಯುವ ಕೈಗಳು. ಅದು ಕಾಲು ಎತ್ತುತ್ತಲೇ ಇತ್ತು.

ಇನ್ನೊಂದು ಡಬ್ಬಿಯಲ್ಲಿ ತೆಳುವಾದ ಕಪ್ಪು ಗೆರೆಗಳ ಬಾಲ್ ಪೈಥಾನ್, ಸ್ಪೈಡರ್ ಅನ್ನುವ ಬಣ್ಣದ ತಳಿ. ತಲೆ ಸುಮ್ಮನೆ ನಿಲ್ಲುತ್ತಿರಲಿಲ್ಲ. ಓಲಾಡುತ್ತಾ, ಒಂದು ಕ್ಷಣ ಪೂರ್ತಿ ಮೇಲೆ ಕೆಳಗಾಗಿ ತಿರುಗಿ ಮತ್ತೆ ಸರಿಯಾಯಿತು. ಯಾಕೆ ಹೀಗೆ ಅಂತ ಕೇಳಿದರೆ "ಈ ತಳಿಗೆ ಅದು ನಾರ್ಮಲ್" ಅಂದರು ಮಾರುವವರು. ಆ ಬಣ್ಣ ಬೇಕು ಅಂತ ಬೆಳೆಸಿದ ತಳಿಯಲ್ಲಿ ಈ ನರದ ತೊಂದರೆಯೂ ಜೊತೆಗೇ ಬರುತ್ತದೆ. ಬಿಡಿಸೋಕೆ ಆಗೋದಿಲ್ಲ. ಹಾಗಿದ್ದರೆ ಅಂಥದ್ದನ್ನು ಹುಟ್ಟಿಸೋದೇ ತಪ್ಪು ಅಲ್ವಾ?

ಅಮ್ಮ ಅಷ್ಟು ಹೊತ್ತು ಹೆಚ್ಚು ಮಾತಾಡಿರಲಿಲ್ಲ. ನಕ್ಷತ್ರ ಆಮೆಯ ಮುಂದೆ ನಿಂತುಬಿಟ್ಟರು. ಅವರ ಮೊದಲ ಟೀಚರ್ ಕೆಲಸ ಕೋಲಾರದ ಕಡೆ. ಮಳೆ ಬಿದ್ದ ಮಾರನೇ ದಿನ ಹೊಲದ ಬದುವಿನಲ್ಲಿ ಇವು ಕಾಣುತ್ತಿದ್ದವಂತೆ, ಮಕ್ಕಳು ಶಾಲೆಗೆ ಎತ್ತಿಕೊಂಡು ಬಂದರೆ ವಾಪಸ್ ಬಿಟ್ಟು ಬರೋಕೆ ಕಳಿಸುತ್ತಿದ್ದರಂತೆ. "ನಮ್ಮೂರಿಂದ ಇಲ್ಲಿಗೆ ಹೇಗೆ ಬಂತು ಇದು?" ಅಂದರು. ಡಬ್ಬಿಯ ಮೇಲೆ ಸಾಕಿದಲ್ಲೇ ಹುಟ್ಟಿದ್ದು ಅಂತ ಬರೆದಿತ್ತು. ಇರಬಹುದು. ಆದರೆ ಕಾಡಿನಿಂದ ಕದ್ದು ಸಾಗಿಸೋದು ಎಷ್ಟು ಹೆಚ್ಚಾಗಿತ್ತೆಂದರೆ, 2019ರಲ್ಲಿ ಈ ಆಮೆಯನ್ನು ಸೈಟಿಸ್ ಅನ್ನುವ, ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಮೊದಲ ಪಟ್ಟಿಗೆ ಸೇರಿಸಿದರು. ಕಾಡಿನಿಂದ ಹಿಡಿದದ್ದರ ವ್ಯಾಪಾರಕ್ಕೆ ಅಲ್ಲಿ ಜಾಗವಿಲ್ಲ. ನಮ್ಮೂರುಗಳಲ್ಲಿ ಅದೃಷ್ಟ ಬರುತ್ತೆ ಅಂತ ಇದನ್ನು ಮನೆಯಲ್ಲಿ ಇಟ್ಟುಕೊಳ್ಳುವವರಿಗೂ ಹೇಳುತ್ತೇನೆ, ಅದು ಅಪರಾಧ.

ಬೆಂಗಳೂರಿನ ಗೆಳತಿಯೊಬ್ಬಳು ಮೊನ್ನೆ ಫೋಟೋ ಕಳಿಸಿದ್ದಳು. ಅವಳ ನಾಲ್ಕು ವರ್ಷದ ಮಗನ ತಲೆ ಮೇಲೆ ಇಗ್ವಾನಾ ಅನ್ನುವ ದೊಡ್ಡ ಹಲ್ಲಿ, ಮಗುವಿನ ಕೈಯಲ್ಲಿ ಅರ್ಧ ತಿಂದ ಜೋಳದ ತೆನೆ. ಅದಕ್ಕೇ ಈ ಬರಹ ಇಂಗ್ಲಿಷಿನಲ್ಲಿ ಬರೆಯದೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಈ ಹುಚ್ಚು ನಮ್ಮಲ್ಲಿಗೂ ಬಂದಾಯಿತು. 2023ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕಾಕ್‌ನಿಂದ ಬಂದ ಲಗೇಜಿನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ ಸಿಕ್ಕವು. ಜೊತೆಗಿದ್ದ ಆರು ಕಪುಚಿನ್ ಕೋತಿಗಳು ಸತ್ತಿದ್ದವು. ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ಹಾವಿನ ಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾಡಿದ್ದು. ಕಾಳಿಂಗಕ್ಕೆ ಮಾಡಿದ್ದಲ್ಲ. ಆ ಪೆಟ್ಟಿಗೆಗಳನ್ನು ಎತ್ತಿ ಇಳಿಸಿದ ಕೂಲಿಯವರ ಬಗ್ಗೆ ಯೋಚನೆ ಮಾಡಿ.

ಹೊರದೇಶದ ಹಾವು ಕಚ್ಚಿದರೆ ಅದರ ಮದ್ದು ಹತ್ತಿರದ ಆಸ್ಪತ್ರೆಯಲ್ಲಿ ಇರೋದಿಲ್ಲ. ಇಲ್ಲಿ ಅಮೆರಿಕದಲ್ಲೂ ಅಷ್ಟೇ, ಎಷ್ಟೋ ಸಲ ಝೂಗಳಿಂದ ತರಿಸಬೇಕು. 2021ರ ಆಗಸ್ಟ್‌ನಲ್ಲಿ ಇಲ್ಲೇ ಡಲ್ಲಾಸ್ ಪಕ್ಕದ ಗ್ರ್ಯಾಂಡ್ ಪ್ರೇರಿಯಲ್ಲಿ ಒಂದು ಮನೆಯಿಂದ ಪಶ್ಚಿಮ ಆಫ್ರಿಕಾದ ನಾಗರಹಾವು ತಪ್ಪಿಸಿಕೊಂಡಿತ್ತು. ಸಾಕಿದವರ ಹತ್ತಿರ ಸರ್ಕಾರದ ಪರವಾನಗಿ ಇತ್ತು. ಪರವಾನಗಿ ಇದ್ದರೂ ಹಾವು ಹೋಗಿತ್ತು.

ಭಾರತದಲ್ಲಿ ಇಗ್ವಾನಾ, ಬಾಲ್ ಪೈಥಾನ್ ಥರ ಸೈಟಿಸ್ ಪಟ್ಟಿಯಲ್ಲಿರುವ ಹೊರದೇಶದ ಪ್ರಾಣಿ ಸಾಕಿದ್ದರೆ ಈಗ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು, 2024ರಲ್ಲಿ ಇದಕ್ಕೆ ನಿಯಮ ಬಂದಿದೆ. ಫೋಟೋಗೆ ಪ್ರಾಣಿ ಕೊಡುವವರನ್ನು ಆ ಕಾಗದ ಕೇಳಿ. ಮಗುವಿನ ಕೈ ತೊಳೆಸೋಕೆ ಸಿಂಕ್ ಎಲ್ಲಿದೆ ಅಂತಲೂ ಕೇಳಿ. ಎರಡಕ್ಕೂ ಉತ್ತರ ಸಿಗದಿದ್ದರೆ ಮಗುವನ್ನು ಎತ್ತಿಕೊಂಡು ಹೊರಗೆ ಬನ್ನಿ.

ಮನೆಗೆ ಬಂದು ಆ ಎಕ್ಸ್‌ಪೋ ನಡೆಸುವವರಿಗೆ ಮೇಲ್ ಬರೆದೆ. ಮೂರು ಮಾತು ಕೇಳಿದ್ದೇನೆ. ಟ್ರೇಗಳಿಗೆ ಮುಚ್ಚಳ ಇರಲಿ, ಮಾರುವವರು ಮನೆಯಲ್ಲಿ ಐದು ವರ್ಷದೊಳಗಿನ ಮಕ್ಕಳಿದ್ದಾರಾ ಅಂತ ಕೇಳಲಿ, ತಿಂಡಿ ಅಂಗಡಿಗಿಂತ ಮೊದಲೇ ಸೋಪು ನೀರಿನ ಸಿಂಕ್ ಇಡಲಿ. ಬಾಡಿಗೆಗೆ ಸಿಗುವ ತಳ್ಳು ಸಿಂಕ್ ಬಂದಿವೆ, ಅದೇನು ದೊಡ್ಡ ಖರ್ಚಲ್ಲ. ಉತ್ತರ ಇನ್ನೂ ಬಂದಿಲ್ಲ. ಮಗನೂ ಕೆಳಗೆ ಒಂದು ಸಾಲು ಸೇರಿಸಿದ್ದಾನೆ, ಆ ಮರಿ ಹಾಯ್ ಹೇಳುತ್ತಿರಲಿಲ್ಲ ಅಂತ ಒಂದು ಬೋರ್ಡ್ ಹಾಕಿ ಅಂತ.

ಮುಂದಿನ ಎಕ್ಸ್‌ಪೋಗೆ ಅವನನ್ನು ಕರೆದುಕೊಂಡು ಹೋಗುತ್ತೇನೆ. ಒಳಗೆ ಹೋದ ತಕ್ಷಣ ಸಿಂಕ್ ಎಲ್ಲಿದೆ ಅಂತ ನೋಡುತ್ತೇನೆ, ಅವನು ಬೋರ್ಡ್ ಹುಡುಕುತ್ತಾನೆ.