ಎಲೀಯನಿಗೆ ಮೊದಲು ಸಿಕ್ಕಿದ್ದು ರೊಟ್ಟಿ

ಮನಸ್ಸು ಕುಗ್ಗಿದವರಿಗೆ ನಮ್ಮ ಬೀದರಿನ ಎಷ್ಟೋ ಕ್ರೈಸ್ತ ಮನೆಗಳಲ್ಲಿ ಮೊದಲು ಕೇಳಿಬರುವ ಮಾತು, ‘ನಿನ್ನ ಪ್ರಾರ್ಥನೆ ಕಡಿಮೆಯಾಗಿದೆ’ ಎಂಬುದು. ಹೇಳುವವರ ಉದ್ದೇಶ ಕೆಟ್ಟದ್ದಲ್ಲ. ಆದರೆ ನಿದ್ದೆ, ಊಟ ಬಿಟ್ಟು ನರಳುತ್ತಿರುವವರ ಮೇಲೆ ಅದು ಅಪರಾಧದ ಭಾರವನ್ನೂ ಹೊರಿಸುತ್ತದೆ. ಸತ್ಯವೇದವೇ (ಬೈಬಲ್) ಇದನ್ನು ಒಪ್ಪುವುದಿಲ್ಲ ಎಂದು ನಾನು ದೃಢವಾಗಿ ನಂಬಿದ್ದೇನೆ.

ಅದರ ಒಂದನೆಯ ಅರಸುಗಳು ಪುಸ್ತಕದ 19ನೇ ಅಧ್ಯಾಯವನ್ನು ನಿಧಾನವಾಗಿ ಓದಬೇಕು. ಕರ್ಮೆಲ್ ಬೆಟ್ಟದಲ್ಲಿ ಆಕಾಶದಿಂದ ಬೆಂಕಿ ಇಳಿದದ್ದನ್ನು ಕಂಡ ಪ್ರವಾದಿ ಎಲೀಯನೇ ರಾಣಿ ಈಜೆಬೆಲಳ ಬೆದರಿಕೆಗೆ ಹೆದರಿ ಓಡಿ, ಸೇವಕನನ್ನೂ ಬೇರ್ಷೆಬದಲ್ಲಿ ಬಿಟ್ಟು, ಅಡವಿಯಲ್ಲಿ ಒಂದು ಗಿಡದ ಕೆಳಗೆ ಕುಳಿತು ಸಾವನ್ನು ಬೇಡುತ್ತಾನೆ. ದೇವರು ಅವನನ್ನು ಗದರಿಸುವುದಿಲ್ಲ. ದೂತನು ತಟ್ಟಿ ಎಬ್ಬಿಸಿ ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ನೀರನ್ನೂ ತೋರಿಸುತ್ತಾನೆ. ತಿಂದು ಮತ್ತೆ ಮಲಗಿದವನನ್ನು ಎರಡನೆಯ ಸಲ ಎಬ್ಬಿಸಿ, ಪ್ರಯಾಣವು ನಿನ್ನ ಶಕ್ತಿಗೆ ಮೀರಿದ್ದೆಂದು ಹೇಳಿ ಉಣ್ಣಿಸುತ್ತಾನೆ. ಹೋರೇಬ್ ಬೆಟ್ಟದಲ್ಲಿ ದೇವರೊಡನೆ ಮಾತುಕತೆ ನಡೆಯುವುದು ನಲವತ್ತು ದಿನಗಳ ದಾರಿ ಕಳೆದ ಮೇಲೆ. ಒಂಟಿಯಾಗಿದ್ದ ಅವನಿಗೆ ಅಧ್ಯಾಯದ ಕೊನೆಯಲ್ಲಿ ಶಿಷ್ಯ ಎಲೀಷನ ಒಡನಾಟವೂ ದೊರೆಯುತ್ತದೆ.

ಮನಸ್ಸು ಕುಗ್ಗಲು ಮನೆಯೇ ಕಾರಣವಾದಾಗ ನಮ್ಮ ತಪ್ಪು ಇನ್ನೂ ಘೋರ. ‘ತಗ್ಗಿ ನಡೆಯಮ್ಮ, ದೇವರು ಅವನನ್ನು ಬದಲಾಯಿಸುತ್ತಾನೆ’ ಎಂದು ಪೆಟ್ಟು ತಿಂದ ಹೆಣ್ಣುಮಗಳನ್ನು ಅದೇ ಮನೆಗೆ ಕಳುಹಿಸುವ ಹಿರಿಯರು ಎಫೆಸದವರಿಗೆ ಬರೆದ ಪತ್ರಿಕೆಯ 5ನೇ ಅಧ್ಯಾಯದ 22ನೇ ವಚನವನ್ನಷ್ಟೇ ಹೇಳುತ್ತಾರೆ. ಒಬ್ಬರಿಗೊಬ್ಬರು ಅಧೀನರಾಗಿರಿ ಎನ್ನುವ 21ನೇ ವಚನವೂ, ಕ್ರಿಸ್ತನು ಸಭೆಗಾಗಿ (ವಿಶ್ವಾಸಿಗಳ ಸಮುದಾಯಕ್ಕಾಗಿ) ತನ್ನನ್ನೇ ಒಪ್ಪಿಸಿಕೊಟ್ಟಂತೆ ಗಂಡನು ಹೆಂಡತಿಯನ್ನು ಪ್ರೀತಿಸಬೇಕೆನ್ನುವ 25ನೇ ವಚನವೂ ಅಲ್ಲಿಯೇ ಇವೆ. ಕ್ಷಮಿಸುವುದು ಬೇರೆ, ಹೊಡೆಯುವವನ ಕೈಗೆ ಮರಳಿ ಸಿಗುವುದು ಬೇರೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯು ಬೈಗುಳವನ್ನೂ ಮಾನಸಿಕ ಹಿಂಸೆಯನ್ನೂ ದೌರ್ಜನ್ಯವೆಂದೇ ಪರಿಗಣಿಸುತ್ತದೆ, ಮತ್ತು ಅದು ಎಲ್ಲ ಧರ್ಮದ ಹೆಣ್ಣುಮಕ್ಕಳಿಗೂ ಅನ್ವಯಿಸುತ್ತದೆ. ಅದರ ಆಶ್ರಯ ಕೇಳುವ ಸಹೋದರಿಯನ್ನು ಅವಿಧೇಯಳೆನ್ನುವ ಹಕ್ಕು ಯಾವ ಸಭೆಗೂ ಇಲ್ಲ.

ನಮ್ಮ ಜಿಲ್ಲೆಯಲ್ಲಿ ಮೆಥೋಡಿಸ್ಟ್ ಎಂಬ ಕ್ರೈಸ್ತ ಪಂಗಡದ ಕುಟುಂಬಗಳು ಬಹಳ. ಆ ಪರಂಪರೆಯ ಮೂಲಪುರುಷ ಜಾನ್ ವೆಸ್ಲಿ 1746ರಲ್ಲಿ ಲಂಡನ್ನಿನ ಬಡವರಿಗಾಗಿ ಉಚಿತ ಔಷಧಾಲಯ ತೆರೆದವರು. ಪ್ರಾರ್ಥನೆಯೂ ಔಷಧಿಯೂ ಅವರಿಗೆ ಎದುರಾಳಿಗಳಾಗಿರಲಿಲ್ಲ. ಹಾಗಿರುವಾಗ, 2022ರಲ್ಲಿ ಆರಂಭವಾದ, ಕನ್ನಡದಲ್ಲೂ ಹಗಲಿರುಳು ಉಚಿತವಾಗಿ ಸಿಗುವ ಟೆಲಿ-ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಯನ್ನು ಸಭಾಪಾಲಕರು ಭಾನುವಾರದ ಪ್ರಕಟಣೆಗಳ ಜೊತೆ ಓದಲು ಏನು ಅಡ್ಡಿ? ಬೀದರಿನ ಬ್ರಿಮ್ಸ್ ಆಸ್ಪತ್ರೆಯ ಮನೋವೈದ್ಯರ ಬಳಿಗೆ ಹೋಗಲು ಅಂಜುವವರ ಜೊತೆ ಮಹಿಳಾ ಸಂಘದ ಒಬ್ಬರಾದರೂ ಹೋಗಬಹುದು. ಚಿಕಿತ್ಸೆಯಲ್ಲಿರುವವರಿಗೆ ಮಾತ್ರೆ ಬಿಟ್ಟು ಉಪವಾಸ ಪ್ರಾರ್ಥನೆಗೆ ಕೂರಿರಿ ಎಂದು ಮಾತ್ರ ಯಾರೂ ಹೇಳಬೇಡಿ; ಹಠಾತ್ತನೆ ಔಷಧಿ ನಿಲ್ಲಿಸಿದರೆ ಕಾಯಿಲೆ ಮರುಕಳಿಸಬಹುದು, ಅದನ್ನು ಕಡಿಮೆ ಮಾಡುವುದೂ ನಿಲ್ಲಿಸುವುದೂ ವೈದ್ಯರ ಸಲಹೆಯಂತೆಯೇ ಆಗಬೇಕು.