ಪ್ಲಸ್ ಹಾಕಿ ಅರ್ಧ ದಿನ ಕಳೆದುಕೊಂಡವರು ನಾವು

ಗ್ರೇಡಲ್ ಅಂದರೆ ನಮ್ಮ ಕೋಡಿಗೆ ಲೈಬ್ರರಿಗಳನ್ನು (ಬೇರೆಯವರು ಬರೆದಿಟ್ಟ ಸಿದ್ಧ ಕೋಡು) ಜೋಡಿಸಿ ಆ್ಯಪ್ ಕಟ್ಟುವ, ಅಂದರೆ ಬಿಲ್ಡ್ ಮಾಡುವ ಸಾಧನ. ಅದರ ಬಗ್ಗೆ ಬಂದ ಲೇಖನದಲ್ಲಿ 'ಆವೃತ್ತಿ ಬರೆಯುವ ಜಾಗದಲ್ಲಿ ಪ್ಲಸ್ ಹಾಕಿಬಿಡಿ, ಹೊಸ ಲೈಬ್ರರಿಯನ್ನು ಬಿಲ್ಡ್ ತಾನೇ ಹುಡುಕಿಕೊಳ್ಳುತ್ತದೆ' ಎಂದು ಲೇಖಕರು ಬರೆದಿದ್ದಾರೆ. ಕೇಳಲು ಚೆನ್ನಾಗಿದೆ. ನಾವೂ ಹಾಗೇ ಮಾಡಿದ್ದೆವು.

ದಾವಣಗೆರೆಯ ವಿದ್ಯಾನಗರದಲ್ಲಿ ಮೂವರು ಸೇರಿ ಅಡಿಕೆ ವ್ಯಾಪಾರಿಗಳಿಗೆ ಲೆಕ್ಕದ ಆ್ಯಪ್ ಮಾಡುತ್ತಿದ್ದೆವು. ಗ್ರೇಡಲ್ ಫೈಲಿನಲ್ಲಿ ಒಂದು ಲೈಬ್ರರಿಗೆ '2.+' (2ರ ಸಾಲಿನಲ್ಲಿ ತೀರಾ ಹೊಸದು) ಅಂತ ಬರೆದಿದ್ದೆ. ಒಂದು ಬೆಳಿಗ್ಗೆ ಗೆಳೆಯನ ಲ್ಯಾಪ್‌ಟಾಪಿನಲ್ಲಿ ಬಿಲ್ಡ್ ಕೈಕೊಟ್ಟಿತು. ನನ್ನದರಲ್ಲಿ ಸರಿಯಾಗೇ ಇತ್ತು. ಕೋಡಿನಲ್ಲಿ ಒಂದಕ್ಷರ ಬದಲಾಗಿಲ್ಲ. 'ನೀನೇ ಏನೋ ಮುಟ್ಟಿದೀಯ' ಅಂತ ಮಧ್ಯಾಹ್ನದವರೆಗೆ ಸುಮ್ನೆ ಜಗಳ. ತರಿಸಿದ ಬೆಣ್ಣೆ ದೋಸೆಯೂ ತಣ್ಣಗಾಯಿತು. ಕೊನೆಗೆ ಗೊತ್ತಾಗಿದ್ದು ಇಷ್ಟು: ಗ್ರೇಡಲ್ ಇಂಥ ಆವೃತ್ತಿಯನ್ನು ಒಮ್ಮೆ ಹುಡುಕಿದರೆ, ನಾವು ಬೇರೆ ಹೇಳದಿದ್ದರೆ, 24 ಗಂಟೆ ಅದನ್ನೇ ನೆನಪಿಟ್ಟುಕೊಳ್ಳುತ್ತದೆ. ನನ್ನಲ್ಲಿದ್ದದ್ದು ಹಿಂದಿನ ಸಂಜೆಯ ನೆನಪು. ಅವನಿಗೆ ಸಿಕ್ಕಿದ್ದು ರಾತ್ರಿ ಬಂದ ಹೊಸ ಸರಕು.

ಭಯ ಬೇರೆ ಇದೆ. 2018ರಲ್ಲಿ ಎನ್‌ಪಿಎಂ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿ ಭಂಡಾರದ ಈವೆಂಟ್-ಸ್ಟ್ರೀಮ್ ಲೈಬ್ರರಿ ಮೂಲಕ ಬಿಟ್‌ಕಾಯಿನ್ ಕದಿಯುವ ಕೋಡು ಒಳಗೆ ಬಂದದ್ದು ಹೊಸ ಆವೃತ್ತಿಯ ವೇಷದಲ್ಲೇ ಅಲ್ವಾ?

ಹಾಗಂತ ಪ್ಲಸ್ ಬಿಟ್ಟಿಲ್ಲ. ಡಿಪೆಂಡೆನ್ಸಿ ಲಾಕಿಂಗ್ (ಸಿಕ್ಕ ಆವೃತ್ತಿಗಳನ್ನು ಒಂದು ಫೈಲಿನಲ್ಲಿ ಬರೆದು ಅವನ್ನೇ ಖಾಯಂ ಮಾಡುವುದು) ಆನ್ ಮಾಡಿ, ಆ ಲಾಕ್ ಫೈಲನ್ನು ಕೋಡಿನ ಬದಲಾವಣೆ ದಾಖಲಿಸುವ ಗಿಟ್‌ಗೆ ಹಾಕುತ್ತೇವೆ. ಸೋಮವಾರ 'ರೈಟ್ ಲಾಕ್ಸ್' ಆಯ್ಕೆ ಕೊಟ್ಟು ಬಿಲ್ಡ್ ಮಾಡಿದರೆ ಹೊಸದು ಬರುತ್ತದೆ, ಏನೇನು ಬದಲಾಯಿತು ಅಂತ ಡಿಫ್‌ನಲ್ಲೇ (ಹಳೇ-ಹೊಸ ಫೈಲಿನ ವ್ಯತ್ಯಾಸದ ಪಟ್ಟಿ) ಕಾಣುತ್ತದೆ. ಟೆಸ್ಟ್ ಬಿದ್ದರೆ ಹಳೇ ಫೈಲ್ ವಾಪಸ್. ಲೇಖನದಲ್ಲಿ ಲಾಕ್ ಫೈಲಿನ ಮಾತೇ ಇಲ್ಲ, ದಯವಿಟ್ಟು ಸೇರಿಸಿ.